ಇಳಿಯದ ಗ್ಲಾಸು: ನಾಲ್ಕೂರಿನ ಕಾರು ಚಾಲಕರಿಗೆ ಬಹಿರಂಗ ಪತ್ರ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಕಾರು ಚಾಲಕ ಬಂಧುಗಳೇ,



ಹಳದಿ ಬೋರ್ಡಿನ ಗಾಡಿಯಲ್ಲಿ ಬೆಂಗಳೂರಿಗೆ ಬಾಡಿಗೆ ಹೊಡೆಯುವ ಅಣ್ಣತಮ್ಮಂದಿರು, ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಶಿಫ್ಟಿನವರನ್ನು ಬಿಟ್ಟು ಬರುವವರು, ಸ್ವಂತ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಅಕ್ಕತಂಗಿಯರು, ಎಲ್ಲರಿಗೂ ಸೇರಿಸಿಯೇ ಈ ಕಾಗದ. ನಾನು ಆಟೊ ಎಲೆಕ್ಟ್ರಿಷಿಯನ್. ಕಾರಿನ ವೈರಿಂಗ್ ನನ್ನ ಕಸುಬು. ನಮ್ಮ ಕಡೆಯ ಚಾಲಕರಲ್ಲಿ ಬೇರೂರಿರುವ ಒಂದು ರೂಢಿ ಬಹಳ ದಿನದಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ.

ಇಳಿದ ಗ್ಲಾಸು ಏರದೇ ಹೋದರೆ ನೀವು ಅವತ್ತೇ ಓಡಿ ಬರುತ್ತೀರಿ. ಮಳೆ ಬಂದರೆ ಸೀಟು ನೆನೆಯುತ್ತದೆ, ರಾತ್ರಿ ಗಾಡಿ ನಿಲ್ಲಿಸಿದರೆ ಕಳ್ಳರ ಭಯ. ಏರಿದ ಗ್ಲಾಸು ಇಳಿಯದೇ ಹೋದರೆ ಮಾತ್ರ ತಿಂಗಳುಗಟ್ಟಲೆ ಹಾಗೇ ಓಡಿಸುತ್ತೀರಿ. "ಡ್ರೈವರ್ ಸೈಡ್ ಗ್ಲಾಸು ಇಳೀತಿಲ್ಲ ಕಣಣ್ಣ, ಇರ್ಲಿ ಬುಡು, ಏಸಿ ಐತಲ್ಲ. ಈಗ ಹಾರನ್ ಒಂದು ನೋಡ್ಕೊಡು" ಅನ್ನುವ ಮಾತು ನಮ್ಮ ಅಂಗಡಿಗಳಲ್ಲಿ ದಿನಾ ಕೇಳುತ್ತದೆ. ಮುಂಚೆ ಟೋಲಿನಲ್ಲಿ ದುಡ್ಡು ಕೊಡಲಾದರೂ ಗ್ಲಾಸು ಇಳಿಸಬೇಕಿತ್ತು. 2021ರ ಫೆಬ್ರವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ಅದೂ ತಪ್ಪಿತು. ಶೇಷಗಿರಿಹಳ್ಳಿ ಟೋಲನ್ನು ಈಗ ಗ್ಲಾಸು ಮುಟ್ಟದೆ ದಾಟಬಹುದು. ಹೀಗಾಗಿ ಗ್ಲಾಸು ಕೆಟ್ಟಿರುವುದೇ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ಇಳಿಯದ ಗ್ಲಾಸಿನ ಅಪಾಯ ಏರದ ಗ್ಲಾಸಿಗಿಂತ ದೊಡ್ಡದು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 2022ರ ಆಗಸ್ಟ್ ಕೊನೆಯ ಮಳೆ ನಿಮಗೆ ನೆನಪಿದೆ. ಸಂಗಬಸವನದೊಡ್ಡಿ ಬಳಿ ಹೆದ್ದಾರಿಯ ಅಂಡರ್‌ಪಾಸ್ ತುಂಬಿ ಗಾಡಿಗಳು ನೀರಿನಲ್ಲಿ ಸಿಕ್ಕಿಕೊಂಡವು. 2023ರ ಮಾರ್ಚ್ 12ರಂದು ಪ್ರಧಾನಿಯವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ವಾರ ಕಳೆಯುವ ಮೊದಲೇ, ಒಂದು ರಾತ್ರಿ ಸುರಿದ ಮಳೆಗೆ ಅದೇ ಸಂಗಬಸವನದೊಡ್ಡಿಯಲ್ಲಿ ಮತ್ತೆ ನೀರು ನಿಂತಿತು. ಅದೇ ವರ್ಷ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಬಾಡಿಗೆ ಕಾರೊಂದು ನೀರಿನಲ್ಲಿ ಸಿಲುಕಿ 22 ವರ್ಷದ ಹೆಣ್ಣುಮಗಳೊಬ್ಬಳು ಪ್ರಾಣ ಬಿಟ್ಟಳು. ಅದೇ ವರ್ಷದ ನವೆಂಬರ್‌ನಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ, ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ವಿಶ್ವೇಶ್ವರಯ್ಯ ನಾಲೆಗೆ ಕಾರು ಉರುಳಿ ಐವರು ಹೋದರು. ಆ ಕಾರುಗಳ ಗ್ಲಾಸು ಕೆಟ್ಟಿತ್ತೆಂದು ಯಾರೂ ತಿಳಿಯಬಾರದು, ನಾನು ಹಾಗೆ ಹೇಳುತ್ತಿಲ್ಲ. ನೀರು, ನಾಲೆ, ಕೆರೆ ಏರಿ, ಅಂಡರ್‌ಪಾಸು ನಮ್ಮ ದಿನದ ದಾರಿಯಲ್ಲೇ ಇವೆ. ಅಂಥ ದಾರಿಯಲ್ಲಿ ಓಡುವ ಗಾಡಿಯ ಗ್ಲಾಸು ಇಳಿಯಲೇಬೇಕು.

ಕಾರಣ ಸರಳ ಲೆಕ್ಕದ್ದು. ಒಂದು ಚದರ ಮೀಟರ್ ವಿಸ್ತಾರದ ಬಾಗಿಲಿನ ಮೇಲೆ ಸರಾಸರಿ ಅರ್ಧ ಮೀಟರ್ ಆಳದ ನೀರು ನಿಂತರೆ ಹೊರಗಿನಿಂದ ಬೀಳುವ ಒತ್ತಡ ಸುಮಾರು 500 ಕಿಲೋ. ಒಳಗೆ ಕೂತವರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ಬಾಗಿಲನ್ನು ತಳ್ಳಲಾರರು. ಕಿಟಕಿಯ ಮಟ್ಟಕ್ಕೆ ನೀರು ಬರುವ ಮುಂಚೆ ಗ್ಲಾಸು ಇಳಿಸಿಕೊಂಡರೆ ಮಾತ್ರ ದಾರಿ. ನೀರು ಗ್ಲಾಸನ್ನು ಒತ್ತಿ ಹಿಡಿದ ಮೇಲೆ ಒಳ್ಳೆಯ ಮೋಟರೂ ಅದನ್ನು ಎಳೆಯಲಾರದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಕಾರುಗಳನ್ನು ನೀರಿಗಿಳಿಸಿ, ತಾವೇ ಒಳಗೆ ಕೂತು ಪರೀಕ್ಷೆ ಮಾಡಿದವರು. ಕಾರು ನೀರಿಗೆ ಬಿದ್ದರೆ ಕೈಯಲ್ಲಿರುವ ಕಾಲ ಸುಮಾರು ಒಂದು ನಿಮಿಷ ಎನ್ನುತ್ತಾರೆ ಅವರು. ಆ ಒಂದು ನಿಮಿಷದಲ್ಲಿ ಮೊದಲು ಸೀಟ್ ಬೆಲ್ಟು, ಆಮೇಲೆ ಕಿಟಕಿ, ಆಮೇಲೆ ಮಕ್ಕಳು, ಆಮೇಲೆ ನೀವು. 112ಕ್ಕೆ ಫೋನ್ ಮಾಡುವುದು ಹೊರಗೆ ಬಂದ ಮೇಲೆ. ನೀರಿಗೆ ಬಿದ್ದ ತಕ್ಷಣ ಬ್ಯಾಟರಿ ಸತ್ತುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಸಾಮಾನ್ಯವಾಗಿ ಪವರ್ ವಿಂಡೋ ಇನ್ನೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಆದ್ದರಿಂದ ಮೊದಲ ಕೈ ಸ್ವಿಚ್ಚಿನ ಮೇಲೆಯೇ ಹೋಗಬೇಕು. ಆ ಸ್ವಿಚ್ಚು ಕೆಲಸ ಮಾಡುವ ಹಾಗೆ ಇಟ್ಟುಕೊಂಡಿರಬೇಕು.

ಅಂಬಾಸಿಡರ್, ಮಾರುತಿ 800ರ ಕಾಲದಲ್ಲಿ ಹಿಡಿ ತಿರುಗಿಸಿದರೆ ಗ್ಲಾಸು ಇಳಿಯುತ್ತಿತ್ತು, ಕರೆಂಟಿನ ಮಾತೇ ಇರಲಿಲ್ಲ. ಈಗಿನ ಗಾಡಿಯಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸು, ರಿಲೇ ದಾಟಿ ಡ್ರೈವರ್ ಬಾಗಿಲ ಮಾಸ್ಟರ್ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಬಾಗಿಲೊಳಗಿನ ಮೋಟರಿಗೆ ಎರಡು ವೈರು ಹೋಗುತ್ತವೆ. ಸ್ವಿಚ್ಚು ಕೆಳಕ್ಕೆ ಒತ್ತಿದರೆ ಒಂದು ವೈರಿಗೆ ಪಾಸಿಟಿವ್, ಇನ್ನೊಂದಕ್ಕೆ ಅರ್ತ್. ಮೇಲಕ್ಕೆ ಎಳೆದರೆ ಅದಲು ಬದಲು. ಮೋಟರು ತಿರುಗಿ, ನಾವು 'ಗ್ಲಾಸ್ ಮಷೀನು' ಅನ್ನುವ ರೆಗ್ಯುಲೇಟರನ್ನು ಎಳೆಯುತ್ತದೆ, ಅದು ಗ್ಲಾಸನ್ನು ಎಳೆಯುತ್ತದೆ. ಕೆಡುವುದು ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ. ಎಲ್ಲಿ ಎಂದು ಹುಡುಕುವುದಕ್ಕೆ ಕ್ರಮವಿದೆ. ಅದನ್ನು ನೀವೂ ತಿಳಿದುಕೊಂಡರೆ ಕೆಡದ ಮೋಟರನ್ನು ಬದಲಿಸಿ ದುಡ್ಡು ಕಳೆಯುವುದು ತಪ್ಪುತ್ತದೆ.

ಮೊದಲು ನೋಡಬೇಕಾದ್ದು ಕೆಟ್ಟಿರುವುದು ಒಂದೇ ಗ್ಲಾಸೋ, ನಾಲ್ಕೂ ಗ್ಲಾಸೋ ಎಂಬುದು. ನಾಲ್ಕೂ ಸತ್ತಿದ್ದರೆ ಫ್ಯೂಸು, ರಿಲೇ ಅಥವಾ ಮಾಸ್ಟರ್ ಸ್ವಿಚ್ಚು. ಹಿಂದಿನ ಬಾಗಿಲವರು ತಮ್ಮ ಸ್ವಿಚ್ಚು ಒತ್ತಿದರೆ ಇಳಿಯದೆ, ನೀವು ಒತ್ತಿದರೆ ಇಳಿದರೆ, ನಿಮ್ಮ ಬಾಗಿಲಿನಲ್ಲಿರುವ ಲಾಕ್ ಬಟನ್ ಒತ್ತಿಕೊಂಡಿದೆ ಅಷ್ಟೆ. ಮಕ್ಕಳಿರುವ ಮನೆಯ ಗಾಡಿಯಲ್ಲಿ ಇದು ದಿನದ ಕತೆ. ಫ್ಯೂಸು ಹೋಗಿದ್ದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ. ಗ್ಲಾಸಿನದು ಸಾಮಾನ್ಯವಾಗಿ 20 ಅಥವಾ 30 ಆಂಪಿಯರ್ ಇರುತ್ತದೆ, ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಬರೆದಿರುತ್ತಾರೆ. ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಬೇಡವೇ ಬೇಡ. ಬೆಂಕಿ ಹತ್ತುವುದು ಅಲ್ಲಿಂದಲೇ. ಹೊಸ ಫ್ಯೂಸೂ ಕೂಡಲೇ ಹೋದರೆ ಎಲ್ಲೋ ವೈರು ಗಾಡಿಯ ತಗಡಿಗೆ ತಗುಲುತ್ತಿದೆ ಎಂದರ್ಥ. ಮೂರನೆಯ ಫ್ಯೂಸು ಹಾಕದೆ ಅಂಗಡಿಗೆ ಬನ್ನಿ.

ಒಂದೇ ಗ್ಲಾಸು ನಿಂತಿದ್ದರೆ ಕಿವಿಗೊಡಿ. ಇಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ಸ್ವಿಚ್ಚು ಒತ್ತಿ ಬಾಗಿಲಿಗೆ ಕಿವಿಯಿಟ್ಟು ಕೇಳಿ. ಮೋಟರು ಗುಂಯ್ ಎಂದು ತಿರುಗುತ್ತಿದ್ದು ಗ್ಲಾಸು ಅಲುಗದಿದ್ದರೆ ಮಷೀನಿನ ಕೇಬಲ್ಲು ಹರಿದಿದೆ, ಇಲ್ಲವೇ ಗ್ಲಾಸು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿದೆ. ಕರೆಂಟಿನ ತಂಟೆ ಇಲ್ಲ, ಮಷೀನು ಬದಲಿಸಿದರೆ ಮುಗಿಯಿತು. ಏನೂ ಸದ್ದಿಲ್ಲದಿದ್ದರೆ ಕತ್ತಲಲ್ಲಿ ಒಳಗಿನ ಲೈಟು ಹಾಕಿಕೊಂಡು ಮತ್ತೆ ಒತ್ತಿ. ಲೈಟು ಒಂದಿಷ್ಟು ಮಂಕಾದರೆ ಮೋಟರಿಗೆ ಕರೆಂಟು ತಲುಪುತ್ತಿದೆ, ಅದು ಸಿಕ್ಕಿಕೊಂಡು ಒದ್ದಾಡುತ್ತಿದೆ. ಮಂಕಾಗದಿದ್ದರೆ ಕರೆಂಟು ಅಲ್ಲಿಗೆ ಹೋಗುತ್ತಲೇ ಇಲ್ಲ. ದುಡ್ಡಿಲ್ಲದ, ಸಾಮಾನಿಲ್ಲದ ಈ ಒಂದು ಪರೀಕ್ಷೆ ಅರ್ಧ ದಾರಿ ತೋರಿಸುತ್ತದೆ.

ಸಿಕ್ಕಿಕೊಂಡ ಗ್ಲಾಸಿಗೆ ನಮ್ಮ ಕಡೆ ದೂಳೇ ಮೊದಲ ಕಾರಣ. ಕನಕಪುರ, ಮಾಗಡಿ ಕಡೆಯ ಕಲ್ಲು ಕ್ವಾರಿಗಳ ದೂಳು, ಸುಗ್ಗಿಯಲ್ಲಿ ರಸ್ತೆ ಮೇಲೆ ಹಾಸಿದ ಹುರುಳಿ, ರಾಗಿಯ ಹೊಟ್ಟು, ಎಲ್ಲ ಹೋಗಿ ಗ್ಲಾಸು ಓಡುವ ರಬ್ಬರ್ ಬೀಡಿಂಗಿನಲ್ಲಿ ಕೂರುತ್ತವೆ. ಬಿಸಿಲಿಗೆ ರಬ್ಬರು ಗಟ್ಟಿಯಾಗಿ, ತಿಂಗಳಾನುಗಟ್ಟಲೆ ಇಳಿಸದ ಗ್ಲಾಸು ಅದಕ್ಕೆ ಅಂಟಿಕೊಂಡೇ ಬಿಡುತ್ತದೆ. ಇದಕ್ಕೆ ಇಂಜಿನ್ ಆಯಿಲ್, ಗ್ರೀಸು, ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆಗೆ ದೂಳು ಇನ್ನಷ್ಟು ಮೆತ್ತುತ್ತದೆ, ಪೆಟ್ರೋಲಿಯಂ ಎಣ್ಣೆಗೆ ರಬ್ಬರು ಉಬ್ಬುತ್ತದೆ. ಒದ್ದೆ ಬಟ್ಟೆಯಿಂದ ಬೀಡಿಂಗ್ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಒಬ್ಬರು ಸ್ವಿಚ್ಚು ಒತ್ತುತ್ತಿರುವಾಗ ಇನ್ನೊಬ್ಬರು ಎರಡು ಅಂಗೈಯಿಂದ ಗ್ಲಾಸನ್ನು ಒಳಗೂ ಹೊರಗೂ ಒತ್ತಿ ಕೆಳಕ್ಕೆಳೆದರೆ ಬಿಡಿಸಿಕೊಳ್ಳುತ್ತದೆ. ಬಾಗಿಲ ನಡುವೆ ಮುಷ್ಟಿಯಿಂದ ಎರಡೇಟು ಕೊಟ್ಟಾಗ ಗ್ಲಾಸು ಇಳಿದರೆ ಮೋಟರಿನ ಬ್ರಷ್ಷು ಸವೆದಿದೆ. ಅವತ್ತಿಗೆ ಇಳಿಯಿತು, ನಾಳೆ ಇಳಿಯುತ್ತದೆಂಬ ಭರವಸೆ ಇಲ್ಲ. ಮತ್ತೆ ಮತ್ತೆ ಸ್ವಿಚ್ಚು ಒತ್ತಿ ಹಿಡಿದರೆ ಕಾದ ಮೋಟರು ತಾನೇ ಕರೆಂಟು ಕಡಿದುಕೊಂಡು ಸುಮ್ಮನಾಗುತ್ತದೆ. ಸತ್ತಿತು ಅಂದುಕೊಳ್ಳಬೇಡಿ, ಹತ್ತು ನಿಮಿಷ ಬಿಟ್ಟು ನೋಡಿ.

ಸ್ವಿಚ್ಚಿನ ವಿಷಯ. ಹೆದ್ದಾರಿ ಬದಿ ಗಾಡಿ ನಿಲ್ಲಿಸಿ, ಕೂತಲ್ಲಿಂದಲೇ ಕೈ ಚಾಚಿ ಎಳನೀರು, ಕಬ್ಬಿನ ಹಾಲು ತೆಗೆದುಕೊಳ್ಳುತ್ತೀರಿ. ತೊಟ್ಟಿಕ್ಕುವುದು ನೇರ ಮಾಸ್ಟರ್ ಸ್ವಿಚ್ಚಿನ ಮೇಲೆ. ಆ ಸಿಹಿರಸ ಒಳಗಿಳಿದು ಒಣಗಿ ತಾಮ್ರದ ಕಾಂಟ್ಯಾಕ್ಟಿನ ಮೇಲೆ ಅಂಟಿನ ಪೊರೆ ಕಟ್ಟುತ್ತದೆ. ಆಯುಧಪೂಜೆ ದಿನ ನಾಲ್ಕೂ ಬಾಗಿಲು ತೆರೆದು ಪೈಪಿನಲ್ಲಿ ನೀರು ಹೊಡೆಯುವುದೂ ಅಷ್ಟೇ ಕೆಟ್ಟದ್ದು. ಕೆಂಗಲ್ ಆಂಜನೇಯನ ಮುಂದೆ, ಕಬ್ಬಾಳಮ್ಮನ ಮುಂದೆ ಗಾಡಿ ನಿಲ್ಲಿಸಿ ಪೂಜೆ ಮಾಡಿಸುವವರು ಕುಂಕುಮದ ನೀರನ್ನು ಬಾನೆಟ್ಟಿಗೆ ಹಚ್ಚಿಸಿ, ಬಾಗಿಲ ಸ್ವಿಚ್ಚಿಗೆ ಬೇಡವೆಂದು ಹೇಳಿ. ಅಂಟಿದ ಸ್ವಿಚ್ಚನ್ನು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಬಹಳ ಸಲ ಮತ್ತೆ ಜೀವ ಬರುತ್ತದೆ.

ಇನ್ನು ನಾನು ಹೆಚ್ಚು ಹೇಳಬೇಕೆಂದಿರುವ ಜಾಗಕ್ಕೆ ಬರುತ್ತೇನೆ. ಡ್ರೈವರ್ ಬಾಗಿಲನ್ನು ಪೂರ್ತಿ ತೆರೆದು ಕೀಲಿನ ಬಳಿ ನೋಡಿ. ಬಾಡಿಯಿಂದ ಬಾಗಿಲಿಗೆ ಒಂದು ಕರೀ ರಬ್ಬರ್ ಕೊಳವೆ ಹೋಗಿರುತ್ತದೆ, ಸುರುಳಿ ಸುರುಳಿಯಾಗಿ. ಬಾಗಿಲಿನ ಎಲ್ಲ ವೈರುಗಳೂ ಅದರೊಳಗೆ. ಬಾಡಿಗೆ ಗಾಡಿಯ ಈ ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುತ್ತದೆ, ಪ್ರತಿ ಸಲವೂ ಆ ವೈರುಗಳು ಅದೇ ಜಾಗದಲ್ಲಿ ಬಗ್ಗುತ್ತವೆ. ವರ್ಷಗಳ ಮೇಲೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಹಾಗೇ ಇರುತ್ತದೆ. ಕಣ್ಣಿಗೆ ಕಾಣದು, ಕೈಗೆ ಸಿಗುತ್ತದೆ. ರಬ್ಬರನ್ನು ಹಿಂದಕ್ಕೆ ಸರಿಸಿ ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯಬೇಕು. ಒಳಗೆ ತಾಮ್ರ ಗಟ್ಟಿಯಿದ್ದರೆ ವೈರು ಬಿಗಿಯಾಗಿ ನಿಲ್ಲುತ್ತದೆ. ತುಂಡಾಗಿದ್ದರೆ ಆ ಹೊದಿಕೆ ಎಳೆದಷ್ಟು ಹಿಗ್ಗುತ್ತದೆ. ಅಲ್ಲಿ ಕತ್ತರಿಸಿ ನೋಡಿದರೆ ತಾಮ್ರ ಹಸಿರುಗಟ್ಟಿ ಪುಡಿಪುಡಿಯಾಗಿರುತ್ತದೆ. ಬಾಗಿಲು ತೆರೆದಾಗ ಗ್ಲಾಸು ಇಳಿದು, ಮುಚ್ಚಿದಾಗ ನಿಂತರೆ, ಅಥವಾ ಇದರ ತಿರುವುಮುರುವಾದರೆ, ಮೋಟರಿಗೆ ಕೈಹಾಕುವ ಮೊದಲು ನೋಡಬೇಕಾದ್ದು ಈ ಕೊಳವೆಯನ್ನೇ. ತುಂಡಾದ ವೈರನ್ನು ಬರಿದೇ ಹೊಸೆದು ಟೇಪು ಸುತ್ತಿದರೆ ನಿಲ್ಲುವುದಿಲ್ಲ. ಬಗ್ಗುವ ಜಾಗದಿಂದ ಆಚೆ ಈಚೆ ಹೊಸ ವೈರು ಸೇರಿಸಿ, ಬೆಸುಗೆಯನ್ನು ಕೊಳವೆಯ ಹೊರಗೆ ಇಟ್ಟು ಕೆಲಸ ಮಾಡಿಸಿಕೊಳ್ಳಿ.

ಮೋಟರು ಹೋಗಿದೆ ಎಂದು ಯಾರಾದರೂ ಹೇಳಿದರೆ, "ಟೆಸ್ಟ್ ಲ್ಯಾಂಪ್ ಇಟ್ಟು ತೋರಿಸಿ" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ತೋರಿಸುವುದು ಐದು ನಿಮಿಷದ ಕೆಲಸ. ಡೋರ್ ಪ್ಯಾಡ್ ತೆಗೆದು ಮೋಟರಿನ ಪ್ಲಗ್ಗು ಬಿಡಿಸಿ, ಪ್ಲಗ್ಗಿನ ಎರಡು ವೈರುಗಳ ನಡುವೆ ಲ್ಯಾಂಪ್ ಇಡಬೇಕು. ಸ್ವಿಚ್ಚು ಕೆಳಕ್ಕೆ ಒತ್ತಿದಾಗಲೂ ಮೇಲಕ್ಕೆಳೆದಾಗಲೂ ಚೆನ್ನಾಗಿ ಉರಿದರೆ ಕರೆಂಟು ಸರಿ ಇದೆ, ಮೋಟರೇ ಹೋಗಿದೆ, ಬದಲಿಸಿಕೊಳ್ಳಿ. ಒಂದು ಕಡೆಗೆ ಮಾತ್ರ ಉರಿದರೆ ಸಾಮಾನ್ಯವಾಗಿ ಸ್ವಿಚ್ಚು. ಎರಡೂ ಕಡೆ ಉರಿಯದಿದ್ದರೆ ವೈರು. ಮೀಟರ್ ಒಂದನ್ನೇ ನಂಬುವುದು ಸಾಲದು. ವೈರಿನೊಳಗೆ ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಮೋಟರು ಎಳೆಯುವಷ್ಟು ಕರೆಂಟು ಆ ಎಳೆಯಲ್ಲಿ ಹರಿಯದು. ಬಲ್ಬು ಮಂಕಾಗಿ ಉರಿದಾಗ ಆ ಗುಟ್ಟು ಹೊರಬೀಳುತ್ತದೆ. ಬೆರಳು ಅಡ್ಡ ಸಿಕ್ಕರೆ ತಾನೇ ಹಿಂದಕ್ಕಿಳಿಯುವಂಥ ಗ್ಲಾಸಿರುವ ಹೊಸ ಗಾಡಿಗಳ ಮಾತು ಬೇರೆ. ಅವುಗಳ ಮೋಟರಿನಲ್ಲೇ ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ, ಬಲ್ಬು ಇಡಬಾರದು, ಸ್ಕ್ಯಾನರ್ ಬೇಕು. ಅಂಥ ಗಾಡಿಯ ಬ್ಯಾಟರಿ ಬದಲಿಸಿದ ಮೇಲೆ ಗ್ಲಾಸು ಒಂದೇ ಒತ್ತಿಗೆ ಪೂರ್ತಿ ಓಡದಿದ್ದರೆ ಗಾಬರಿ ಬೇಡ. ಹೆಚ್ಚಿನ ಗಾಡಿಗಳಲ್ಲಿ ಗ್ಲಾಸನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಎಳೆದು ಹಿಡಿದರೆ ಅದು ಮತ್ತೆ ಕಲಿತುಕೊಳ್ಳುತ್ತದೆ. ನಿಮ್ಮ ಗಾಡಿಯ ಕ್ರಮ ಮ್ಯಾನ್ಯುವಲ್ ಪುಸ್ತಕದಲ್ಲಿದೆ.

ಡೋರ್ ಪ್ಯಾಡ್ ಬಿಚ್ಚಿದವರು ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡದಂತೆ ನೋಡಿಕೊಳ್ಳಿ. ಮಳೆನೀರು ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ಸಹಜ, ಅದು ಬಾಗಿಲ ಅಡಿಯ ತೂತುಗಳಿಂದ ಹೊರಹೋಗಬೇಕು. ಆ ಹಾಳೆ ಇಲ್ಲದಿದ್ದರೆ ನೀರು ಗಾಡಿಯೊಳಗೆ ಬರುತ್ತದೆ. ತೂತುಗಳಿಗೆ ಕೆಸರು ಮೆತ್ತಿದ್ದರೆ ಬಾಗಿಲಲ್ಲೇ ನಿಂತು ಮೋಟರಿಗೆ ತುಕ್ಕು ಹಿಡಿಸುತ್ತದೆ. ಒಂದು ಕಡ್ಡಿ ಆಡಿಸಿದರೆ ಸಾಕು.

ಕಸುಬಿನ ಗೆಳೆಯರಿಗೂ ಎರಡು ಮಾತು. ಬಿಡದಿಯಲ್ಲಿ 1999ರಿಂದ ಕಾರು ತಯಾರಾಗುತ್ತಿದೆ, ಕ್ವಾಲಿಸ್ ಹೊರಬಂದದ್ದು ಅಲ್ಲಿಂದ. 2007ರಲ್ಲಿ ಅಲ್ಲೇ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಗಿ ಹಳ್ಳಿಯ ಹುಡುಗರು ಕಾರಿನ ಕೆಲಸವನ್ನು ಕ್ರಮಬದ್ಧವಾಗಿ ಕಲಿತರು. ಇಂಥ ಸೀಮೆಯ ಅಂಗಡಿಗಳಲ್ಲಿ ಪರೀಕ್ಷೆ ಮಾಡದೆ ಮೋಟರು ಬದಲಿಸುವುದು ನಮಗೆ ಶೋಭೆ ತರುವುದಿಲ್ಲ. ಬಿಚ್ಚಿದ ಹಳೆ ಸಾಮಾನನ್ನು ಗಿರಾಕಿಯ ಕೈಗೆ ಕೊಡಿ. ಹಾರನ್ ಕೆಲಸಕ್ಕೆ ಬಂದ ಗಾಡಿಯ ನಾಲ್ಕೂ ಗ್ಲಾಸು ಒಮ್ಮೆ ಇಳಿಸಿ ನೋಡಿ, ಅದಕ್ಕೆ ಕೂಲಿ ಕೇಳಬೇಡಿ.

ಮನೆಯವರಿಗೆ ಒಂದು ವಿಷಯ. ಗಾಡಿಯಲ್ಲಿ ಮಗುವನ್ನು ಬಿಟ್ಟು "ಎರಡು ನಿಮಿಷ ಬಂದೆ" ಎಂದು ಅಂಗಡಿಗೆ ಹೋಗುವುದನ್ನು ಬಿಡಿ. ಕೀ ತೆಗೆದ ಮೇಲೆ ಗ್ಲಾಸು ಇಳಿಯುವುದಿಲ್ಲ, ಬಿಸಿಲಲ್ಲಿ ನಿಂತ ಕಾರಿನ ಒಳಗು ಬೇಗ ಕಾಯುತ್ತದೆ. ಕೀ ಬಿಟ್ಟು ಹೋದರೆ ಕಿಟಕಿಗೆ ಆತುಕೊಂಡ ಮಗುವಿನ ಮೊಣಕಾಲು ಸ್ವಿಚ್ಚನ್ನು ಒತ್ತಿ ಗ್ಲಾಸು ಏರಿ ಕುತ್ತಿಗೆಗೆ ಬರಬಹುದು. ಹಳೆಯ ಗಾಡಿಗಳ ಒತ್ತುವ ಸ್ವಿಚ್ಚಿನಲ್ಲಿ ಈ ಅಪಾಯ ಹೆಚ್ಚು.

ಗ್ಲಾಸು ಒಡೆಯುವ ಚೂಪು ಮೊನೆಯ ಸುತ್ತಿಗೆಯೊಂದನ್ನು ಎಲ್ಲರೂ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಬೆಲ್ಟು ಹಾಕಿ ಕೂತಾಗ ಕೈಗೆ ಎಟುಕಬೇಕು. ಪಕ್ಕದ ಗ್ಲಾಸಿನ ಮೂಲೆಗೆ ಹೊಡೆಯಬೇಕು, ಮುಂದಿನ ಗ್ಲಾಸು ಪದರದ್ದು, ಅದು ಬಿರುಕು ಬಿಟ್ಟರೂ ಕಳಚಿಕೊಳ್ಳುವುದಿಲ್ಲ. ಕೆಲವು ಹೊಸ ದುಬಾರಿ ಗಾಡಿಗಳಲ್ಲಿ ಪಕ್ಕದ ಗ್ಲಾಸೂ ಪದರದ್ದೇ ಇರುತ್ತದೆ, ಮೂಲೆಯಲ್ಲಿ ಅಚ್ಚಾದ ಗುರುತು ಓದಿ ತಿಳಿದುಕೊಳ್ಳಿ. ಸೀಟಿನ ಹೆಡ್‌ರೆಸ್ಟ್ ಕಿತ್ತು ಗ್ಲಾಸು ಒಡೆಯಬಹುದೆಂಬ ಮಾತು ಮೊಬೈಲಿನಲ್ಲಿ ಓಡಾಡುತ್ತದೆ. ಅದನ್ನು ಅದಕ್ಕೆಂದು ಮಾಡಿದ್ದಲ್ಲ, ಅದನ್ನು ನೆಚ್ಚಿ ಕೂರಬೇಡಿ. ಎಲ್ಲಕ್ಕಿಂತ ಮೊದಲು, ನೀರು ನಿಂತ ಅಂಡರ್‌ಪಾಸಿಗೆ ಗಾಡಿ ಇಳಿಸಲೇಬೇಡಿ. ಮುಂದಿನ ಗಾಡಿ ದಾಟಿತೆಂದು ನಿಮ್ಮದೂ ದಾಟಬೇಕಿಲ್ಲ. ಬಾಡಿಗೆಯವರು ಅವಸರ ಮಾಡಿದರೆ ಸರ್ವಿಸ್ ರಸ್ತೆಯಲ್ಲಿ ನಿಂತು ಕಾಯುವ ಧೈರ್ಯ ನಿಮಗಿರಲಿ.

ಮಳೆಗಾಲ ಜೂನಿಗೆ ಬರುತ್ತದೆಂದು ಕಾಯುವುದೂ ಬೇಡ. ಸಂಗಬಸವನದೊಡ್ಡಿಯಲ್ಲಿ ಎರಡನೇ ಸಲ ನೀರು ನಿಂತದ್ದು ಮಾರ್ಚಿನಲ್ಲಿ, ಕೆ.ಆರ್. ವೃತ್ತದಲ್ಲಿ ಮೇ ತಿಂಗಳಲ್ಲಿ. ಟ್ಯಾಕ್ಸಿ ಸ್ಟ್ಯಾಂಡಿನ ಹಿರಿಯರು ಮನಸ್ಸು ಮಾಡಿದರೆ ಪ್ರತಿ ತಿಂಗಳ ಒಂದು ಬೆಳಗ್ಗೆ ಸಾಲಿನಲ್ಲಿ ನಿಂತ ಗಾಡಿಗಳ ಗ್ಲಾಸನ್ನೆಲ್ಲ ಇಳಿಸಿ ಏರಿಸಿ ನೋಡಿಬಿಡಬಹುದು. ಈ ಕಾಗದ ಓದಿ ಮುಗಿಸಿದವರು ಈಗಲೇ ಎದ್ದು ಹೋಗಿ ನಿಮ್ಮ ಗಾಡಿಯ ನಾಲ್ಕೂ ಗ್ಲಾಸನ್ನು ಪೂರ್ತಿ ಇಳಿಸಿ ನೋಡಿ. ಒಂದು ತಡವರಿಸಿದರೂ ಈ ವಾರವೇ ಸರಿಮಾಡಿಸಿ. ಡ್ರೈವರ್ ಬಾಗಿಲದ್ದಾದರೆ, ಅದು ಸರಿಯಾಗುವವರೆಗೆ ಮಳೆಯಲ್ಲಿ ಬಾಡಿಗೆಗೆ ಹೋಗಬೇಡಿ.

ಇಂತಿ ನಿಮ್ಮವ,
ರಾಮನಗರದ ಒಬ್ಬ ಆಟೊ ಎಲೆಕ್ಟ್ರಿಷಿಯನ್